ಕ್ರ್ಯಾಕ್ ಮಾಡಿದ ಗೇಮ್ ಆಡಿದವರು ಅನುಭವ ಹಂಚಿಕೊಳ್ಳಿ

ಹೊಸ ಆಟಗಾರ: ನನಗೆ ಬೇಕಾದ ಗೇಮ್‌ಗೆ ಡೆಮೊ ಇಲ್ಲ. ಹಣ ಕೊಟ್ಟ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಓಡದಿದ್ದರೆ ಏನು ಮಾಡುವುದು? ಮೊದಲು ಕ್ರ್ಯಾಕ್ ಪ್ರತಿಯನ್ನು, ಅಂದರೆ ಬೀಗ ಮುರಿದು ಪುಕ್ಕಟೆ ಹಂಚುವ ನಕಲನ್ನು, ಆಡಿ ನೋಡಬೇಕೆಂದಿದ್ದೇನೆ. ಕಾನೂನಿನ ತೊಂದರೆ ನಿಜಕ್ಕೂ ಬರುತ್ತದೆಯೇ?

ನಿದ್ದೆಗೆಟ್ಟವನು: ಪೊಲೀಸರಿಗಿಂತ ಮೊದಲು ಮೈನರ್ ಬರುತ್ತದೆ, ನಿಮ್ಮ ಕಂಪ್ಯೂಟರ್ ಬಳಸಿ ಬೇರೆಯವರಿಗೆ ಕ್ರಿಪ್ಟೊ ಹಣ ಗಳಿಸಿಕೊಡುವ ಕಳ್ಳ ತಂತ್ರಾಂಶ. ಏನೂ ತೆರೆಯದಿದ್ದರೂ ನನ್ನ ಫ್ಯಾನ್ ಕಿರುಚುತ್ತಿತ್ತು. ವಿಂಡೋಸ್ ಅಪ್‌ಡೇಟ್ ನಿಂತಿತ್ತು, ಆಂಟಿವೈರಸ್ ಇದ್ದ ಗುರುತೇ ಇರಲಿಲ್ಲ. 2021ರಲ್ಲಿ ಆಂಟಿವೈರಸ್ ಕಂಪನಿ ಅವಾಸ್ಟ್ ಬಯಲು ಮಾಡಿದ ಕ್ರ್ಯಾಕೊನೋಶ್ ಎಂಬ ಮಾಲ್‌ವೇರ್ ಕೂಡ ಹೀಗೆಯೇ: ಸೇಫ್ ಮೋಡ್‌ಗೆ ಹೋಗಿ ಆಂಟಿವೈರಸ್ ಅಳಿಸಿ, ಸದ್ದಿಲ್ಲದೆ ಮೊನೆರೊ ಎಂಬ ಕ್ರಿಪ್ಟೊ ಹಣದ ಗಣಿ ತೋಡುತ್ತಿತ್ತು. ಕೊನೆಗೆ ನಾನೇ ಡಿಸ್ಕ್ ಪೂರ್ತಿ ಅಳಿಸಿದೆ. ಸೇವ್ ಫೈಲ್‌ಗಳು ಹೋದವು, ಬ್ಯಾಕಪ್ ಇಲ್ಲದ ಫೋಟೋಗಳು ಹೋದವು. ಇಮೇಲ್, ಬ್ಯಾಂಕ್, ಕಚೇರಿ ಖಾತೆ, ಎಲ್ಲದರ ಪಾಸ್‌ವರ್ಡನ್ನೂ ಬೇರೆಯವರ ಫೋನಿನಿಂದ ಬದಲಿಸಿದೆ. ಬಿಟ್ಟಿ ಗೇಮ್ ಅಂತೆ!

ರಸೀದಿ ಇಟ್ಟುಕೊಂಡವಳು: ನಾನು ಪ್ರತಿಯೊಂದನ್ನೂ ಹಣ ಕೊಟ್ಟೇ ಕೊಂಡವಳು. ಕಾರ್ಡ್ ಪಾವತಿಯೊಂದರ ತಕರಾರಿಗೆ ಆನ್‌ಲೈನ್ ಗೇಮ್ ಅಂಗಡಿಯವರು ನನ್ನ ಇಡೀ ಖಾತೆಗೇ ಬೀಗ ಹಾಕಿದರು. ರಸೀದಿ ಕಳಿಸಿದೆ, ಬ್ಯಾಂಕಿನ ಪತ್ರ ಕಳಿಸಿದೆ. ಪ್ರತಿ ಸಲವೂ ಅದೇ ಸಿದ್ಧ ಉತ್ತರ. ಈಗ ನಾನು ಕೊಂಡ ಗೇಮ್‌ಗಳನ್ನೇ ಕ್ರ್ಯಾಕ್ ಮಾಡಿ ಆಡುತ್ತೇನೆ, ನಾಚಿಕೆಯೇನೂ ಇಲ್ಲ. 2024ರಲ್ಲಿ ಯೂಬಿಸಾಫ್ಟ್ ಕಂಪನಿ ತನ್ನ 'ದ ಕ್ರೂ' ಗೇಮ್‌ನ ಸರ್ವರ್ ಮುಚ್ಚಿ ಆಟವೇ ನಿಂತಾಗ ಕೊಂಡವರ ಕೈಯಲ್ಲಿ ಏನು ಉಳಿಯಿತು?

ಸಣ್ಣ ಸ್ಟುಡಿಯೊದವನು: ನಾಚಿಕೆ ಇಲ್ಲವೆಂದು ಸಾರಿ ಹೇಳುವ ಅಗತ್ಯವಿತ್ತೇ? ನಮ್ಮ ಗೇಮ್‌ನ ಹಳೆಯ ಕ್ರ್ಯಾಕ್ ಪ್ರತಿ ಆಡಿ, ಎಂದೋ ಸರಿಪಡಿಸಿದ ದೋಷಕ್ಕೆ ದೂರು ಬರೆಯುತ್ತಾರೆ. ಲಾಗ್ ಕೇಳಿದರೆ ಮಾಯ. ಆ ದೋಷ ಹುಡುಕುತ್ತಾ ನಮ್ಮ ಪ್ರೋಗ್ರಾಮರ್‌ನ ವಾರಾಂತ್ಯಗಳು ಹಾಳಾದವು. ಕೊಳ್ಳದಿದ್ದರೆ ಬಿಡಿ, ಸಹಾಯವಾಣಿಗಾದರೂ ಬರಬೇಡಿ. ಅಂದ ಹಾಗೆ ಪ್ರಶ್ನೆ ಕೇಳಿದವರೇ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳುತ್ತದೆ.

ರಸೀದಿ ಇಟ್ಟುಕೊಂಡವಳು: ಖಾತೆಗೇ ಬೀಗ ಬಿದ್ದವರಿಗೆ ಯಾವ ಸ್ಟೀಮ್, ಸ್ವಾಮಿ?

ನೋಟಿಸ್ ಕಂಡವನು: ನನಗೆ ಜರ್ಮನಿಯಲ್ಲಿ ಓದುವಾಗ ವಕೀಲರ ಪತ್ರ ಬಂದಿತ್ತು. ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವಾಗಲೇ ನೀವು ಇತರರಿಗೆ ಹಂಚುತ್ತಿರುತ್ತೀರಿ, ಅವರು ಹಿಡಿಯುವುದು ಅದನ್ನೇ. ಇಂಟರ್ನೆಟ್ ಸಂಪರ್ಕ ಮನೆ ಮಾಲೀಕರ ಹೆಸರಿನಲ್ಲಿತ್ತು. ಪರಿಹಾರದ ಹಣಕ್ಕಿಂತ ಅವರ ಮುಖ ನೋಡುವುದೇ ಕಷ್ಟವಾಯಿತು.

ನಿದ್ದೆಗೆಟ್ಟವನು: ಗೇಮ್ ಕಂಪನಿ ನಿಂಟೆಂಡೊ ಪ್ರಕರಣದಲ್ಲಿ ಗ್ಯಾರಿ ಬೌಸರ್ ಎಂಬಾತನಿಗೆ 2022ರಲ್ಲಿ 40 ತಿಂಗಳ ಜೈಲು ಶಿಕ್ಷೆಯಾಯಿತು. ಓದಿ ನೋಡಿ.

ನೋಟಿಸ್ ಕಂಡವನು: ಆತ ಕನ್ಸೋಲ್ (ಗೇಮ್ ಆಡುವ ಯಂತ್ರ) ಬೀಗ ಮುರಿಯುವ ಸಾಧನ ಮಾರುವ ಗುಂಪಿನವನು. ಮನೆಯಲ್ಲಿ ಕೂತು ಆಡಿದವನಲ್ಲ. ಎರಡನ್ನೂ ಕಲಸಿ ಹೆದರಿಸಬೇಡಿ.

ಹಳೆಯ ಕಾರ್ಟ್ರಿಜ್: ಯುಜು ತಂಡ ಎಮ್ಯುಲೇಟರ್ (ಕನ್ಸೋಲ್ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಬರೆದದ್ದಕ್ಕೇ 2024ರಲ್ಲಿ ನಿಂಟೆಂಡೊಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿತಲ್ಲ?

ನೋಟಿಸ್ ಕಂಡವನು: ಅದು ರಾಜಿ. ಎಮ್ಯುಲೇಟರ್ ಅಪರಾಧವೆಂದು ಅಲ್ಲಿ ತೀರ್ಪು ಬರಲಿಲ್ಲ.

ಹಳೆಯ ಕಾರ್ಟ್ರಿಜ್: 24 ಲಕ್ಷ ಡಾಲರ್ ಕೊಟ್ಟು, ಅಂಗಡಿ ಮುಚ್ಚಿ ಹೋದವರಿಗೆ ಈ ಸಮಾಧಾನ ಹೇಳಿ ನೋಡಿ.

ಸಣ್ಣ ಸ್ಟುಡಿಯೊದವನು: ಎಮ್ಯುಲೇಟರ್ ಜಗಳಕ್ಕೆ ಬೇರೆ ಎಳೆ ತೆರೆಯಿರಿ.

ಹಳೆಯ ಕಾರ್ಟ್ರಿಜ್: ಮೊದಲು ನಿಮ್ಮ ಗೇಮ್‌ನಿಂದ ಡೆನುವೊ ಎಂಬ ನಕಲು-ತಡೆ ಬೀಗ ತೆಗೆಯಿರಿ, ಆಮೇಲೆ ತೆರೆಯುತ್ತೇನೆ.

ಸಣ್ಣ ಸ್ಟುಡಿಯೊದವನು: ನಮ್ಮ ಗೇಮ್‌ನಲ್ಲಿ ಡೆನುವೊ ಇಲ್ಲವೇ ಇಲ್ಲ!