ಬಿಲ್ಡಿಂಗ್ ಸೊಸೈಟಿ ಕಾಯುವವರ ಸಂಬಳ ಯಾರ ಜೇಬಿನಿಂದ?

ಪ್ರಶ್ನೆ: ಮೇಡಂ, ಲೀಡ್ಸ್‌ಗೆ ಬಂದು ಆರು ವರ್ಷ ಆಯಿತು. ಮನೆ ಸಾಲ, ಉಳಿತಾಯ ಎರಡೂ ಒಂದು ಬಿಲ್ಡಿಂಗ್ ಸೊಸೈಟಿಯಲ್ಲಿವೆ, ಅಂದರೆ ಗ್ರಾಹಕ ಸದಸ್ಯರೇ ಒಡೆಯರಾದ ಬ್ಯಾಂಕಿನಂಥ ಸಂಸ್ಥೆಯಲ್ಲಿ. ಹಾಗಾಗಿ ನಾನೂ ಅದರ ಸದಸ್ಯ. ಈ ಸಲ ವಾರ್ಷಿಕ ವರದಿ ಓದುವಾಗ ನಿಯಂತ್ರಕರಿಗೆ ಕಟ್ಟಿದ ಶುಲ್ಕ ಕಣ್ಣಿಗೆ ಬಿತ್ತು. ನಮ್ಮನ್ನು ತಪಾಸಣೆ ಮಾಡುವವರಿಗೆ ನಾವೇ ದುಡ್ಡು ಕೊಡಬೇಕಾ? ಅದು ಸರ್ಕಾರದ ಕೆಲಸ ಅಲ್ವಾ?

ಉತ್ತರ: ಕೆಲಸ ಸರ್ಕಾರದ ಕಾನೂನಿನದು, ಖರ್ಚು ನಿಮ್ಮದು! ಬ್ರಿಟನ್‌ನಲ್ಲಿ ಬಿಲ್ಡಿಂಗ್ ಸೊಸೈಟಿಗೆ ಇಬ್ಬರು ಮೇಲಿದ್ದಾರೆ. ಗ್ರಾಹಕರ ಜೊತೆ ಸರಿಯಾಗಿ ನಡೆದುಕೊಳ್ಳುತ್ತಿದೆಯಾ ಅಂತ ನೋಡುವುದು ಎಫ್‌ಸಿಎ. ಮುಳುಗದಂತೆ ಕಾಯುವುದು ಬ್ಯಾಂಕ್ ಆಫ್ ಇಂಗ್ಲೆಂಡಿನ ಭಾಗವಾದ ಪಿಆರ್‌ಎ. ಇಬ್ಬರಿಗೂ ಪ್ರತಿ ವರ್ಷ ಶುಲ್ಕ ಕಟ್ಟಬೇಕು. ಇದೇನು ಹೊಸದಲ್ಲ. 1986ರ ಕಾಯ್ದೆಯಿಂದ ಬಂದ ಆಗಿನ ನಿಯಂತ್ರಕ, ಬಿಲ್ಡಿಂಗ್ ಸೊಸೈಟೀಸ್ ಕಮಿಷನ್ ಕೂಡ ಸೊಸೈಟಿಗಳಿಂದಲೇ ಖರ್ಚು ವಸೂಲಿ ಮಾಡುತ್ತಿತ್ತು. 2001ರಲ್ಲಿ ಆ ಕೆಲಸ ಎಫ್‌ಎಸ್‌ಎ ಎಂಬ ಹಣಕಾಸು ನಿಯಂತ್ರಕರಿಗೆ ಹೋಯಿತು, 2013ರಲ್ಲಿ ಈಗಿನ ಇಬ್ಬರಿಗೆ ಹಂಚಿಕೆಯಾಯಿತು.

ಠೇವಣಿ ತೆಗೆದುಕೊಳ್ಳುವ ಸಂಸ್ಥೆಗಳ ಶುಲ್ಕಕ್ಕೆ ಮುಖ್ಯವಾಗಿ ಠೇವಣಿಯ ಗಾತ್ರವೇ ಅಳತೆ. ಲಾಭ ಎಷ್ಟು ಬಂತು ಅಂತ ಯಾರೂ ಕೇಳುವುದಿಲ್ಲ. ಷೇರುದಾರರೇ ಇಲ್ಲದ ಸಂಸ್ಥೆ ಇದು. ಹಾಗಾಗಿ ಕೊನೆಗೆ ಆ ಹೊರೆ ನಿಮ್ಮ ಬಡ್ಡಿ ದರದ ಮೇಲೇ ಬೀಳುತ್ತದೆ.

ಪ್ರಶ್ನೆ: ದಂಡ ಹಾಕಿ ಹಾಕಿ ನಿಯಂತ್ರಕರೇ ಸಂಪಾದಿಸುತ್ತಾರಲ್ಲ ಮೇಡಂ?

ಉತ್ತರ: ಇಲ್ಲ. 2012ರಿಂದ ದಂಡದ ಹಣದಲ್ಲಿ ಕ್ರಮ ಜರುಗಿಸಿದ ಖರ್ಚು ಕಳೆದು, ಉಳಿದದ್ದು ಸರ್ಕಾರದ ಖಜಾನೆಗೆ ಹೋಗುತ್ತದೆ.

ಪ್ರಶ್ನೆ: ಬೇರೆ ಬ್ಯಾಂಕ್ ಮುಳುಗಿದ್ದಕ್ಕೂ ಸೊಸೈಟಿಗಳು ದುಡ್ಡು ಕೊಟ್ಟವಂತೆ?

ಉತ್ತರ: ನಿಜ, ಆದರೆ ಅದು ಬೇರೆ ಲೆವಿ, ಅಂದರೆ ಕಡ್ಡಾಯ ವಂತಿಗೆ. ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಪರಿಹಾರ ಕೊಡುವ ಎಫ್‌ಎಸ್‌ಸಿಎಸ್ ಎಂಬ ಯೋಜನೆಯದು. 2008ರಲ್ಲಿ ಬ್ರಾಡ್‌ಫರ್ಡ್ ಅಂಡ್ ಬಿಂಗ್ಲಿ, ಐಸ್‌ಲ್ಯಾಂಡ್ ಮೂಲದ ಬ್ಯಾಂಕ್‌ಗಳು ಬಿದ್ದಾಗ ಎಫ್‌ಎಸ್‌ಸಿಎಸ್ ಭಾರಿ ಸಾಲ ಮಾಡಬೇಕಾಯಿತು. ಅದರ ಬಡ್ಡಿಯನ್ನು ಉಳಿದ ಬ್ಯಾಂಕ್, ಸೊಸೈಟಿಗಳೆಲ್ಲ ವರ್ಷಗಟ್ಟಲೆ ಕಟ್ಟಿದವು. ಸೊಸೈಟಿಗಳು ತಮ್ಮ ಹಣದಲ್ಲಿ ಕನಿಷ್ಠ ಅರ್ಧವನ್ನಾದರೂ ಸದಸ್ಯರ ಉಳಿತಾಯದಿಂದಲೇ ತರಬೇಕು ಅನ್ನುತ್ತದೆ ಕಾನೂನು. ದೊಡ್ಡ ಬ್ಯಾಂಕ್ ಮಾರುಕಟ್ಟೆಯಲ್ಲಿ ಸಾಲ ಎತ್ತಬಹುದು. ಠೇವಣಿ ನೋಡಿ ಲೆವಿ ಹಾಕಿದರೆ ಯಾರಿಗೆ ಪೆಟ್ಟು ಜಾಸ್ತಿ, ನೀವೇ ಹೇಳಿ. ಸೊಸೈಟಿಗಳು ಆಗ ಗಲಾಟೆ ಮಾಡಿದ್ದು ಸುಮ್ನೆ ಅಲ್ಲ. ಅಂದ ಹಾಗೆ, ಬ್ರಾಡ್‌ಫರ್ಡ್ ಅಂಡ್ ಬಿಂಗ್ಲಿಯೂ 2000ದವರೆಗೆ ಬಿಲ್ಡಿಂಗ್ ಸೊಸೈಟಿಯೇ!

ಪ್ರಶ್ನೆ: ಊರಲ್ಲಿ ಅಪ್ಪನ ದುಡ್ಡು ಸಹಕಾರಿ ಬ್ಯಾಂಕಿನಲ್ಲಿದೆ. ಅಲ್ಲೂ ಹೀಗೇನಾ?

ಉತ್ತರ: ಅಲ್ಲಿ ರಿಸರ್ವ್ ಬ್ಯಾಂಕ್ ಇಂಥ ಶುಲ್ಕ ಎತ್ತಿ ಬದುಕುವುದಿಲ್ಲ. ತನ್ನ ಹೂಡಿಕೆಯ ಆದಾಯದಲ್ಲೇ ನಡೆದು, ಮಿಕ್ಕಿದ್ದನ್ನು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. ಆದರೆ ಠೇವಣಿ ವಿಮೆಯ ಪ್ರೀಮಿಯಂ ಇದೆ. 2020ರಲ್ಲಿ ಅದು ನೂರು ರೂಪಾಯಿಗೆ 10 ಪೈಸೆಯಿಂದ 12 ಪೈಸೆಗೆ ಏರಿತು. ಅದನ್ನು ಬ್ಯಾಂಕೇ ಕಟ್ಟಬೇಕು, ಅಪ್ಪನ ಖಾತೆಯಿಂದ ಕಡಿತ ಮಾಡುವಂತಿಲ್ಲ. 5 ಲಕ್ಷದವರೆಗೆ ಭದ್ರತೆ ಸಿಗುತ್ತದೆ. ಒಂದು ಸಲ ಪಾಸ್‌ಬುಕ್ ಮೇಲಿನ ಹೆಸರು ನೋಡಲು ಹೇಳಿ. ಅದು ಬ್ಯಾಂಕ್ ಅಲ್ಲದೆ ಪತ್ತಿನ ಸಹಕಾರ ಸಂಘವೋ ಸೌಹಾರ್ದವೋ ಆಗಿದ್ದರೆ ಈ ವಿಮೆ ಇರುವುದಿಲ್ಲ.