‘ಆಸಮಾನಿ’ ಬಣ್ಣದ ಹೆಸರು ಎಲ್ಲಿಯದು?

ಬೆಟಗೇರಿಯ ಸದಸ್ಯೆ: ಗುರುಗಳೇ, ನಮ್ಮ ನೇಕಾರರ ಓಣಿಯಲ್ಲಿ ತಿಳಿನೀಲಿ ಸೀರೆಗೆ ಆಸಮಾನಿ ಎನ್ನುತ್ತೇವೆ. ಸಾಟಿಯಿಲ್ಲದ್ದು, ಅಂದರೆ ‘ಅಸಮಾನ’ವಾದದ್ದು ಎಂಬುದರಿಂದ ಈ ಹೆಸರು ಬಂದಿತೆಂದು ಸಂದೇಶವೊಂದು ಹರಿದಾಡುತ್ತಿದೆ. ನಿಜವೇ?

ಉತ್ತರ (ಧಾರವಾಡದ ನಿವೃತ್ತ ಭಾಷಾವಿಜ್ಞಾನ ಪ್ರಾಧ್ಯಾಪಕರು): ನಿಜವಲ್ಲ, ಅಕ್ಕನವರೇ. ಪಾರ್ಸಿಯಲ್ಲಿ ಆಸ್ಮಾನ್ ಎಂದರೆ ಆಕಾಶ; ಗುಲಾಬ್‌ನಿಂದ ಗುಲಾಬಿ, ಧೂಳೆಂಬ ಅರ್ಥದ ಖಾಕ್‌ನಿಂದ ಖಾಕಿ ಆದಂತೆ, ‘ಈ’ ಪ್ರತ್ಯಯ ಸೇರಿ ಅದು ಆಕಾಶದ ಬಣ್ಣವಾಯಿತು. 1686ರವರೆಗೆ ಆಳಿದ ವಿಜಾಪುರದ ಆದಿಲಶಾಹಿಗಳ ಕಾಲದಿಂದ ಇಂಥ ಶಬ್ದಗಳು ದಖ್ಖನಿ ಮತ್ತು ಮರಾಠಿಯ ಮೂಲಕ ನಮ್ಮ ಪೇಟೆಗಳಿಗೆ ಇಳಿದಿವೆ. ಮರಾಠಿಯಲ್ಲಿ ‘ಅಸ್ಮಾನಿ ಸುಲ್ತಾನಿ’ ಎಂಬ ಜೋಡುನುಡಿಯೇ ಇದೆ: ಬರಗಾಲದಂತೆ ಮೇಲಿನಿಂದ ಎರಗುವ ಕೇಡು ಅಸ್ಮಾನಿ, ದೊರೆಯ ಕೈಯಿಂದ ಬರುವುದು ಸುಲ್ತಾನಿ. ನನಗೆ ಇನ್ನೂ ಸೋಜಿಗವೆನಿಸುವುದು ಅದರ ಹಿಂದಿನ ಚರಿತ್ರೆ. ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿ ಅಸ್ಮನ್ ಎಂಬುದಕ್ಕೆ ಕಲ್ಲು, ಆಕಾಶ ಎಂಬ ಎರಡೂ ಅರ್ಥಗಳಿದ್ದವು. ಸಂಸ್ಕೃತದಲ್ಲಿ ಕಲ್ಲಿಗೆ ಹೇಳುವ ಅಶ್ಮನ್ ಅದರ ಒಡಹುಟ್ಟು. ಆಕಾಶವು ಕಲ್ಲಿನ ಚಾವಣಿಯೆಂದು ಆ ಜನರು ಭಾವಿಸಿದ್ದಿರಬೇಕು.

ಹಾವೇರಿಯ ಸದಸ್ಯ: ಹಾಗಾದರೆ ಮೂಲ ಸಂಸ್ಕೃತವೇ ಆಯಿತಲ್ಲವೇ?

ಉತ್ತರ: ಇಲ್ಲ. ಅಕ್ಕತಂಗಿಯರಲ್ಲಿ ಒಬ್ಬಳು ಇನ್ನೊಬ್ಬಳ ತಾಯಿಯಾಗುವುದಿಲ್ಲ.

ಗದಗಿನ ಸದಸ್ಯ: ಬಾದಾಮಿ ಎಂಬ ಊರಿನ ಹೆಸರೂ ಪಾರ್ಸಿಯದೇ?

ಉತ್ತರ: ಅಲ್ಲ. ವಾತಾಪಿಯಿಂದ ಬಂದದ್ದು.

ಹುಬ್ಬಳ್ಳಿಯ ಸೀರೆ ವ್ಯಾಪಾರಿ: ‘ರಾಮಾ’ ಬಣ್ಣಕ್ಕೆ ಆ ಹೆಸರು ಹೇಗೆ ಬಂದಿತೆಂದು ಗಿರಾಕಿಗಳು ಕೇಳುತ್ತಾರೆ, ಸರ್.

ಹಾವೇರಿಯ ಸದಸ್ಯ: ಪರಭಾಷೆಯ ಮಾತುಗಳೇಕೆ? ನೀಲಿ ಎಂಬ ಅಚ್ಚಗನ್ನಡ ಪದವಿದೆ.

ಗದಗಿನ ಸದಸ್ಯ: ನೀಲಿ ಸಂಸ್ಕೃತದ ನೀಲದಿಂದ ಬಂದಿದೆ. ಅದನ್ನು ಅಚ್ಚಗನ್ನಡವೆಂದು ತಮಗೆ ಹೇಳಿದವರು ಯಾರು?

ಹಾವೇರಿಯ ಸದಸ್ಯ: ಸಂಸ್ಕೃತವನ್ನು ನಾನು ಪರಭಾಷೆಯೆಂದು ಎಣಿಸುವುದಿಲ್ಲ. ಪ್ರತಿ ಮಾತಿಗೂ ಅಡ್ಡ ಬರುವ ಚಟವನ್ನು ತಾವು ಬಿಡಬೇಕು.

ಗದಗಿನ ಸದಸ್ಯ: ತಾವು ‘ಅಚ್ಚ’ ಎಂಬುದನ್ನು ಬಿಟ್ಟರೆ ನಾನೂ ಬಿಡುತ್ತೇನೆ.

ಹಾನಗಲ್ಲಿನ ಸದಸ್ಯ: ಮೈಲುತುತ್ತವೂ ಆಸಮಾನಿಯೇ ಅಲ್ಲವೇ? ಅದರ ಪುಡಿಯನ್ನು ತಿಕ್ಕಿದರೆ ಹಲ್ಲುನೋವು ನಿಲ್ಲುತ್ತದೆ ಎಂಬ ಸಂದೇಶವನ್ನು ಎಲ್ಲರಿಗೂ ಉಪಯೋಗವಾಗಲೆಂದು ಹಾಕಿದ್ದೇನೆ.

ಉತ್ತರ: ಅದನ್ನು ಈಗಲೇ ಅಳಿಸಿರಿ. ಮೈಲುತುತ್ತವು ತಾಮ್ರದ ಸಲ್ಫೇಟ್. ಸುಣ್ಣದೊಡನೆ ಬೆರೆಸಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ವಸ್ತು. ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ, ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ, ಪ್ರಾಣವೂ ಹೋಗಬಹುದು. ಯಾರಾದರೂ ನುಂಗಿದ್ದರೆ ಗುಂಪಿನಲ್ಲಿ ಕೇಳುತ್ತ ಕೂರದೆ ಆಸ್ಪತ್ರೆಗೆ ಒಯ್ಯಿರಿ. ಬಣ್ಣವೂ ಆಸಮಾನಿಯಲ್ಲ, ಸಂಸ್ಕೃತದ ಮಯೂರತುತ್ಥವೆಂಬ ಹೆಸರಿನಲ್ಲಿಯೇ ನವಿಲಿದೆ.

ಹಾನಗಲ್ಲಿನ ಸದಸ್ಯ: ನಮ್ಮ ಹಿರಿಯರು ಬಳಸುತ್ತಿದ್ದರು, ಸರ್.

ಉತ್ತರ: ಅಳಿಸಿರಿ.

ಹುಬ್ಬಳ್ಳಿಯ ಸೀರೆ ವ್ಯಾಪಾರಿ: ರಾಮಾ ಬಣ್ಣದ ಪ್ರಶ್ನೆ ಹಾಗೆಯೇ ಉಳಿದಿದೆ.

ಹೊಸ ಸದಸ್ಯ: ಆಸಮಾನಿ ಎಂದರೆ ‘ಅಸಮಾನ’ ಎಂದು ಓದಿದ್ದೇನೆ. ಸರಿಯೇ?

ಉತ್ತರ: ಮೇಲೆ ಬರೆದಿದ್ದೇನೆ.

ಹಾನಗಲ್ಲಿನ ಸದಸ್ಯ: ಇಲ್ಲಿ ಅಳಿಸಿದ್ದೇನೆ. ಊರಿನ ಗುಂಪಿಗೆ ಕಳುಹಿಸಿದ್ದನ್ನು ಈಗ ಅಳಿಸಲು ಬರುತ್ತಿಲ್ಲ.

ಉತ್ತರ: ಹಾಗಾದರೆ ಅದು ವಿಷವೆಂದು ಅಲ್ಲಿಯೂ ಬರೆಯಿರಿ.