‘ಎನ್‌ರಿಚ್‌ಮೆಂಟ್’ಗೆ ಪ್ರಾಣಿಪಾಲಕರ ಬಾಯಲ್ಲಿ ನಿಲ್ಲುವ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಮೃಗಾಲಯದ ಪ್ರಾಣಿಪಾಲಕರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಆಸ್ಟ್ರಿಚ್, ಅಂದರೆ ಉಷ್ಟ್ರಪಕ್ಷಿ. ಮೊದಲ ಪುಟದಲ್ಲೇ ‘ಎನ್‌ರಿಚ್‌ಮೆಂಟ್’ ಎಂಬ ಪದ ಬಂತು, ಅಂದರೆ ಕೂಡಿಟ್ಟ ಪ್ರಾಣಿ ತನ್ನ ಸಹಜ ರೀತಿಯಲ್ಲಿ ಬದುಕಲು ಮಾಡಿಕೊಡುವ ಏರ್ಪಾಡು. ಕೆಲಸ ಅಲ್ಲೇ ನಿಂತಿದೆ.

ಸಮೃದ್ಧೀಕರಣ, ಸಂವರ್ಧನೆ, ಪುಷ್ಟೀಕರಣ ಅಂತ ಮೂರು ಪದ ಬರೆದು ನೋಡಿದೆ. ಮೊದಲನೆಯದು ಬಾಯಿಗೇ ಬರುವುದಿಲ್ಲ. ಸಂವರ್ಧನೆ ಅಂದರೆ ಪತ್ರಿಕೆ ಓದುವವರಿಗೆ ಯುರೇನಿಯಂ ನೆನಪಾಗುತ್ತದೆ. ಪುಷ್ಟೀಕರಣದ್ದು ಇನ್ನೂ ದೊಡ್ಡ ತೊಂದರೆ. ಕರಡು ಓದಿದ ಹಿರಿಯ ಪಾಲಕರೊಬ್ಬರು, “ಹಕ್ಕಿ ಸೊರಗಿಲ್ಲವಲ್ಲ ಸಾರ್, ತಿಂಡಿ ಯಾಕೆ ಜಾಸ್ತಿ ಹಾಕಬೇಕು?” ಎಂದು ಕೇಳಿದರು. ಪುಷ್ಟಿ ಅಂದರೆ ಹೊಟ್ಟೆಗೆ ಕೊಡುವುದು ಅಂತ ಅವರು ತಿಳಿದರು. ಅವರು ಓದಿದ್ದು ಸರಿ, ನಾನು ಆರಿಸಿದ ಪದವೇ ತಪ್ಪು.

ಹೇಳಬೇಕಾದದ್ದು ಬೇರೆ. ಆಫ್ರಿಕಾದ ಬಯಲಲ್ಲಿ ಈ ಹಕ್ಕಿ ಹಗಲೆಲ್ಲ ನಡೆಯುತ್ತಾ, ಎಲೆ, ಹೂವು, ಬೀಜ ಕುಕ್ಕುತ್ತಾ ಇರುತ್ತದೆ. ಮೃಗಾಲಯದಲ್ಲಿ ಬಾನಿಗೆ ತಿಂಡಿ ಸುರಿದರೆ ಬೇಗ ತಿಂದು ಮುಗಿಸುತ್ತದೆ. ಆಮೇಲೆ ಸಂಜೆಯವರೆಗೂ ಕೊಕ್ಕಿಗೆ ಕೆಲಸವಿಲ್ಲ. ಆಗ ಜೊತೆಯ ಹಕ್ಕಿಯ ಗರಿ ಕೀಳುತ್ತದೆ, ಬೇಲಿಯ ತಂತಿ ಕುಕ್ಕುತ್ತದೆ. ಅದೇ ಮೇವನ್ನು ಅಲ್ಲಲ್ಲಿ ಹರಡಿ, ಎತ್ತರಕ್ಕೆ ಕಟ್ಟಿ, ಹುಡುಕಿ ತಿನ್ನುವ ಹಾಗೆ ಮಾಡುವುದೂ ಎನ್‌ರಿಚ್‌ಮೆಂಟ್. ಮೇವು ಒಂದು ಹಿಡಿಯೂ ಹೆಚ್ಚಾಗುವುದಿಲ್ಲ, ತಿನ್ನುವ ಹೊತ್ತು ಹೆಚ್ಚಾಗುತ್ತದೆ.

ಒಂದು ಸಲ ಹತ್ತಿರದಿಂದ ನೋಡಿದೆ. ಇಡೀ ಎಲೆಕೋಸನ್ನು ಸರಪಳಿಗೆ ಸಿಕ್ಕಿಸಿ ಹಕ್ಕಿಯ ತಲೆಯ ಮಟ್ಟಕ್ಕೆ ತೂಗುಬಿಟ್ಟಿದ್ದರು. ಕುಕ್ಕಿದಾಗಲೆಲ್ಲ ಕೋಸು ಆಚೆ ಹೋಗುತ್ತಿತ್ತು. ಹಕ್ಕಿ ಕತ್ತು ಹಿಂದಕ್ಕೆಳೆದು, ಅದು ತೂಗಿ ವಾಪಸ್ ಬರುವವರೆಗೆ ಕಾದು, ಅಂಚಿನ ಒಂದು ಚೂರನ್ನು ಹರಿದುಕೊಳ್ಳುತ್ತಿತ್ತು. ಪಕ್ಕದಲ್ಲಿ ಹಾಕಿದ್ದ ಮರಳಲ್ಲಿ ಇನ್ನೊಂದು ಹಕ್ಕಿ ಕೂತು, ರೆಕ್ಕೆಯಿಂದ ಮೈಮೇಲೆ ಮರಳು ಎರಚಿಕೊಳ್ಳುತ್ತಿತ್ತು. ಕೋಳಿ ಸಾಕಿದವರಿಗೆ ಈ ನೋಟ ಹೊಸದಲ್ಲ. ಆ ಮರಳೂ ಎನ್‌ರಿಚ್‌ಮೆಂಟೇ.

‘ಮನರಂಜನೆ’ ಅಂತ ಬರೆಯಿರಿ ಎಂದರು ಗೆಳೆಯರೊಬ್ಬರು. ನನಗೆ ಒಪ್ಪಿಗೆಯಿಲ್ಲ. ಓದಿದವರು ಅದು ನೋಡಲು ಬಂದವರಿಗೆ ಅಂದುಕೊಳ್ಳುತ್ತಾರೆ. ‘ಆಟಿಕೆ’ ಎಂಬ ಮಾತೂ ಬೇಡ. ಯಾರಾದರೂ ಸಣ್ಣದೇನನ್ನೋ ಒಳಗೆ ಎಸೆದುಬಿಟ್ಟರೆ ಕಷ್ಟ. ಹಲ್ಲಿಲ್ಲದ ಈ ಹಕ್ಕಿ ಮೇವು ಅರೆಯಲಿಕ್ಕೆ ಕಲ್ಲು ನುಂಗುತ್ತದೆ, ಅದು ಸಹಜ. ಆದರೆ ಮೊಳೆ, ತಂತಿ, ನಾಣ್ಯ, ಪ್ಲಾಸ್ಟಿಕ್ಕನ್ನೂ ಹಾಗೇ ನುಂಗುತ್ತದೆ. ಹೊಟ್ಟೆ ಕಟ್ಟಿದರೆ ಪ್ರಾಣವೇ ಹೋಗಬಹುದು.

ಒಂದು ಪದ ಮಾತ್ರ ತಾನಾಗಿ ಸಿಕ್ಕಿತು. ಪ್ರಾಣಿ ಬೇಲಿಗುಂಟ ಹೋದ ದಾರಿಯಲ್ಲೇ ಮತ್ತೆ ಮತ್ತೆ ಓಡಾಡುವುದಕ್ಕೆ ‘ಏಕತಾನ ವರ್ತನೆ’ ಅಂತ ಬರೆದಿದ್ದೆ. ಈಗ ಹೊಡೆದುಹಾಕಿ ‘ಶತಪಥ ಹಾಕುವುದು’ ಎಂದು ಬರೆದಿದ್ದೇನೆ. ಆಸ್ಪತ್ರೆಯ ಬಾಗಿಲಾಚೆ ಕಾಯುವವರು ಹಾಗೆ ತಿರುಗುತ್ತಾರೆ ಅಲ್ವಾ? ಕಾಲಿನ ಓಡಾಟ, ಒಳಗಿನ ಚಡಪಡಿಕೆ ಎರಡೂ ಆ ಮಾತಲ್ಲಿವೆ. ಪಾಲಕರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

‘ವೆಲ್‌ಫೇರ್’ಗೆ ‘ಕಲ್ಯಾಣ’ ಬಿಟ್ಟು ‘ಯೋಗಕ್ಷೇಮ’ ಇಟ್ಟುಕೊಂಡಿದ್ದೇನೆ. ಕಲ್ಯಾಣ ಅಂದರೆ ಇಲಾಖೆ, ಇಲ್ಲವೇ ಮದುವೆ. ಯೋಗಕ್ಷೇಮವನ್ನು ನಾವು ವಿಚಾರಿಸುತ್ತೇವೆ, ನೋಡಿಕೊಳ್ಳುತ್ತೇವೆ. ಪಾಲಕರು ಮಾಡುವುದೂ ಅದನ್ನೇ.

ಹೆಸರಿನ ಬಗ್ಗೆಯೂ ಒಂದು ಮಾತು. ಉಷ್ಟ್ರ ಅಂದರೆ ಒಂಟೆ. ಪಾರಸಿಯ ಶುತುರ್‌ಮುರ್ಗ್ ಕೂಡ ಒಂಟೆಹಕ್ಕಿಯೇ. ಕೈಪಿಡಿಯಲ್ಲಿ ‘ಒಂಟೆಹಕ್ಕಿ’ ಅಂತಲೇ ಬರೆಯೋಣವೇ? ಪಾಲಕರು ಆಡುವುದು ‘ಆಸ್ಟ್ರಿಚ್’ ಎಂದೇ, ಹಾಗಾಗಿ ಹಿಂಜರಿಕೆ.

ಇನ್ನು ಮೂಲ ಪ್ರಶ್ನೆ. ಸದ್ಯಕ್ಕೆ ‘ಕೊಕ್ಕಿಗೆ ಕೆಲಸ’ ಎಂದು ಬರೆದಿದ್ದೇನೆ. ಮೇವಿನ ವಿಷಯಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಮರಳಿಗೆ ಹೊಂದುವುದಿಲ್ಲ. ಮುಂದೆ ಆನೆ, ಚಿರತೆಗೂ ಕೈಪಿಡಿ ಬರಲಿದೆ, ಅಲ್ಲಿ ಕೊಕ್ಕೇ ಇಲ್ಲ. ‘ಲವಲವಿಕೆ ಏರ್ಪಾಡು’ ಎಂಬುದೂ ಮನಸ್ಸಿನಲ್ಲಿದೆ. ಆದರೆ ಮರಳಲ್ಲಿ ಸುಮ್ನೆ ಹಾಯಾಗಿ ಕೂತಿರುವುದನ್ನು ಲವಲವಿಕೆ ಅನ್ನಬಹುದೇ? ದನವನ್ನು ಕೊಟ್ಟಿಗೆಯಲ್ಲೇ ಕಟ್ಟಿ ಹಾಕದೆ, ಅದಕ್ಕೆ ಬೇಕಾದಂತೆ ಬಿಟ್ಟು ಮೇಯಿಸುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಯಾವ ಊರಿನ ಮಾತಾದರೂ ಸರಿ, ಊರಿನ ಹೆಸರಿನ ಜೊತೆ ಬರೆದು ತಿಳಿಸಿ.